ಬೆಂಗಳೂರಲ್ಲಿರೋ ನಮ್ಮೂರಿನವರು ಸೇರಿ ಊರ ಕೆರೆ ಕೆಲಸ ಹಿಡಿಯಬೇಕು ಅಂತಿದ್ದೇವೆ, ಎಲ್ಲಿಂದ ಶುರು ಮಾಡೋದು?

“ತೂಬಿನಕೆಳಗೆ” (ಇಲ್ಲಿ ಬರೆದವರೆಲ್ಲರದೂ ಅಡ್ಡಹೆಸರು) ಕೇಳಿದ್ದು:

ತುಮಕೂರು ಜಿಲ್ಲೆಯ ಸಣ್ಣ ಊರು. ಬೆಂಗಳೂರಲ್ಲಿ ಕೆಲಸದಲ್ಲಿರುವ ನಮ್ಮೂರಿನ 46 ಜನ ವಾಟ್ಸಾಪ್ ಗುಂಪಲ್ಲಿದ್ದೇವೆ. ಸಾಫ್ಟ್‌ವೇರ್, ಬ್ಯಾಂಕು, ನರ್ಸಿಂಗ್, ಸಿವಿಲ್, ಎಲ್ಲ ಥರದವರೂ ಇದ್ದಾರೆ. ತಲಾ ತಿಂಗಳಿಗೆ 500 ರೂಪಾಯಿ ಹಾಕಲು ಒಪ್ಪಿದ್ದಾರೆ. ಊರಿನ ಇನ್ನಿಬ್ಬರು ಅಮೆರಿಕದಲ್ಲಿದ್ದಾರೆ, ಅವರಲ್ಲಿ ಒಬ್ಬರಿಗೆ ಅಲ್ಲಿನ ಪೌರತ್ವ ಬಂದಿದೆ. ಅವರೂ ಹಣ ಕಳಿಸುತ್ತೇವೆ ಅಂತಾರೆ.

ಕೆರೆಯ ಅಂಗಳ ಪಹಣಿ ಪ್ರಕಾರ 22 ಎಕರೆ, ಅಚ್ಚುಕಟ್ಟು (ಕೆರೆ ನೀರು ಹರಿಯುವ ಜಮೀನು) ಸುಮಾರು 60 ಎಕರೆ. ಕೊನೆಯ ಸಲ ಕೆರೆ ತುಂಬಿ ಕೋಡಿ ಬಿದ್ದದ್ದು 2022ರಲ್ಲಿ. ಆಮೇಲೆ ಅರ್ಧಕ್ಕಿಂತ ಮೇಲೆ ತುಂಬಿಲ್ಲ. ಹೂಳು ತೆಗೆಸಿದರೆ ಸರಿಹೋಗುತ್ತೆ ಅನ್ನೋದು ನಮ್ಮ ಲೆಕ್ಕ.

ನಮ್ಮ ಪ್ರಶ್ನೆಗಳು: ಸಂಘ ಮಾಡಬೇಕಾ, ಟ್ರಸ್ಟಾ? ಯಾರ ಅನುಮತಿ ಬೇಕು? ಎಷ್ಟು ಹೂಳು, ಎಷ್ಟು ಖರ್ಚು? ವಿದೇಶದ ಹಣ ತಗೋಬಹುದಾ? ಸರ್ಕಾರಿ ಶಾಲೆಗೆ ಸ್ಮಾರ್ಟ್ ಕ್ಲಾಸ್ ಮಾಡಿಕೊಡಬೇಕು ಅನ್ನೋರೂ ಗುಂಪಲ್ಲಿದ್ದಾರೆ, ಅದಕ್ಕೂ ಸಲಹೆ ಬೇಕು.

---

ನೀರಗಂಟಿ ಉತ್ತರ:

ನೀವು ಬರೆದಿರುವುದರಲ್ಲೇ ಒಂದು ಸುಳಿವಿದೆ. ಕೆರೆ ತುಂಬಿ ಬೇಗ ಬತ್ತಿದರೆ ಹೂಳು, ಸೋರಿಕೆ ಇವನ್ನು ಅನುಮಾನಿಸಬೇಕು. ತುಂಬುವುದೇ ಇಲ್ಲ ಅಂದರೆ ನೀರು ಕೆರೆಗೆ ಬರುತ್ತಿಲ್ಲ. ಆಗ ಹೂಳು ತೆಗೆದರೆ ದೊಡ್ಡದೊಂದು ಖಾಲಿ ಗುಂಡಿ ಸಿಗುತ್ತದೆ, ಅಷ್ಟೆ. ಹಾಗಾಗಿ ಜೆಸಿಬಿ ಮಾತು ಬಿಟ್ಟು ಮೊದಲು ರಾಜಕಾಲುವೆ, ಅಂದರೆ ಕೆರೆಗೆ ನೀರು ತರುವ ಕಾಲುವೆ, ಅದರುದ್ದಕ್ಕೂ ನಡೆದು ಬನ್ನಿ.

ಗ್ರಾಮ ನಕ್ಷೆಯ ಪ್ರತಿ ತೆಗೆಸಿ. ಹಳ್ಳ, ಕಾಲುವೆಗಳನ್ನು ಅದರಲ್ಲಿ ಜೋಡಿ ಗೆರೆಯಲ್ಲಿ ತೋರಿಸಿರುತ್ತಾರೆ. ಫೋನಿನಲ್ಲಿ ದಿಶಾಂಕ್ ಆಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ಅದು ಅಂದಾಜಿಗೆ ಮಾತ್ರ, ಗಡಿ ತಕರಾರಿಗೆ ಅದನ್ನು ಸಾಕ್ಷಿ ಮಾಡಬೇಡಿ. ಒಮ್ಮೆ ಬೇಸಿಗೆಯಲ್ಲಿ, ಇನ್ನೊಮ್ಮೆ ಜೋರು ಮಳೆ ಬಿದ್ದ ಒಂದು ಗಂಟೆಯೊಳಗೆ ಕಾಲುವೆ ನಿಮ್ಮ ಕೆರೆಗೆ ಸೇರುವ ಜಾಗದಿಂದ ಮೇಲಕ್ಕೆ, ಮೇಲಿನ ಕೆರೆಯ ಕೋಡಿಯ ತನಕ ನಡೆಯಿರಿ. ನಮ್ಮ ಕಡೆ ಕೆರೆಗಳು ಸರಪಳಿಯಾಗಿರುವುದರಿಂದ ಮೇಲಿನ ಕೆರೆಯ ಕೋಡಿ ನೀರೇ ನಿಮ್ಮ ಕೆರೆಗೆ ಬರುವ ನೀರು. ಮೇಲಿನವರು ಕೋಡಿಗೆ ಮರಳು ಚೀಲ ಜೋಡಿಸಿ ಒಂದಡಿ ಎತ್ತರಿಸಿದ್ದರೂ ಸಾಕು, ನಿಮ್ಮ ಪಾಲು ಅಲ್ಲೇ ನಿಲ್ಲುತ್ತದೆ. ಅವರ ಏರಿಗೂ ಅದು ಅಪಾಯ.

ಇನ್ನೊಂದು ಕಡೆ ಮುಖ್ಯವಾಗಿ ನೋಡಬೇಕಾದ್ದು, ಕಾಲುವೆಯನ್ನು ರಸ್ತೆ ದಾಟುವ ಜಾಗ. ಟಾರು ಹಾಕುವಾಗ ಹಳೆಯ ಕಲ್ಲುಮೋರಿ ತೆಗೆದು ಎರಡಡಿ ಅಗಲದ ಸಿಮೆಂಟ್ ಪೈಪು ಇಟ್ಟಿರುತ್ತಾರೆ. ಪೈಪಿನ ತಳ ಕಾಲುವೆಯ ತಳಕ್ಕಿಂತ ಎಷ್ಟು ಮೇಲಿದೆ ಎಂದು ಅಳತೆ ಮಾಡಿ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು, ದೊಡ್ಡ ಉಪಕರಣ ಬೇಡ. ಒಂದಡಿ ಮೇಲಿದ್ದರೆ ಅಷ್ಟು ನೀರು ರಸ್ತೆಯ ಹಿಂದೆ ನಿಂತು ಮಣ್ಣು ಕೂರಿಸುತ್ತದೆ. ಎರಡು ಮೂರು ವರ್ಷದಲ್ಲಿ ಪೈಪು ಅರ್ಧ ಮುಚ್ಚಿ, ನೀರು ಪಕ್ಕದ ಹೊಲಕ್ಕೆ ನುಗ್ಗುತ್ತದೆ. ಆ ಹೊಲದವರು ಬದು ಎತ್ತರಿಸಿ ನೀರನ್ನು ಬೇರೆ ಕಡೆ ತಿರುಗಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ, ಮೋರಿ ಸರಿಯಾಗಬೇಕು. ಫೋಟೊ, ಅಳತೆ ಸಮೇತ ಪಂಚಾಯಿತಿಗೂ ರಸ್ತೆ ಯಾರದೋ ಆ ಇಲಾಖೆಗೂ ಕೊಡಿ.

ಈಗ ಹೂಳಿನ ಲೆಕ್ಕ. ಒಂದು ಎಕರೆಯಲ್ಲಿ ಒಂದಡಿ ತೆಗೆದರೆ 43,560 ಘನ ಅಡಿ. ಸುಮಾರು 12.3 ಲಕ್ಷ ಲೀಟರ್ ನೀರಿನ ಜಾಗ. ಅಗೆದ ಮಣ್ಣು ಸಡಿಲವಾಗಿ ಕಾಲು ಭಾಗ ಉಬ್ಬುತ್ತದೆ ಎಂದಿಟ್ಟುಕೊಂಡರೆ 100 ಘನ ಅಡಿಯ ಟ್ರೇಲರಿನಲ್ಲಿ ಸುಮಾರು 545 ಲೋಡು. 8 ಎಕರೆಯಲ್ಲಿ ಒಂದೂವರೆ ಅಡಿ ಅಂದರೆ 6,500 ಲೋಡು. ಒಂದು ಜೆಸಿಬಿ ಗಂಟೆಗೆ ಎಂಟು ಒಂಬತ್ತು ಲೋಡು ತುಂಬಿದರೆ, ದಿನಕ್ಕೆ ಎಂಟು ಗಂಟೆಯಂತೆ 90 ದಿನಕ್ಕೂ ಮೇಲೆ. ಬಾಡಿಗೆ ಗಂಟೆಗೆ 1,200 ಎಂದು ಹಿಡಿದರೂ 9 ಲಕ್ಷದ ಹತ್ತಿರ. ನಿಮ್ಮ ವಂತಿಗೆ ವರ್ಷಕ್ಕೆ 2,76,000. ಇದರಲ್ಲಿ 230 ಗಂಟೆ ಯಂತ್ರ, ಹೆಚ್ಚೆಂದರೆ ನಾಲ್ಕು ಎಕರೆಯಲ್ಲಿ ಒಂದಡಿ. ಅದೇ ಹಣದಲ್ಲಿ ಒಂದೂವರೆ ಕಿಲೋಮೀಟರ್ ಕಾಲುವೆ ಬಿಡಿಸಿದರೆ ಕೆರೆಗೆ ಬರುವ ನೀರೇ ಹೆಚ್ಚುತ್ತದೆ. ಮೊದಲ ವರ್ಷ ಕಾಲುವೆ, ಎರಡನೆಯ ವರ್ಷ ಹೂಳು. ನನ್ನ ಸಲಹೆ ಇದೇ.

ಹೂಳಿಗೆ ಇಳಿದಾಗ: ಯಂತ್ರದ ಬಾಡಿಗೆ ನಿಮ್ಮದು, ಸಾಗಣೆ ರೈತರದು. ಹೊಲದ ಎಕರೆಗೆ 30 ಲೋಡು ಕೆರೆಗೋಡು (ಕೆರೆಯ ಹೂಳುಮಣ್ಣು) ಹೊಡೆದರೆ, ಕೆರೆಯ ಒಂದು ಎಕರೆಯಲ್ಲಿ ಒಂದಡಿ ತೆಗೆದ 545 ಲೋಡು 18 ಎಕರೆ ಹೊಲಕ್ಕೆ ಆಗುತ್ತದೆ. ಹಾಗಾಗಿ ಯಾರಿಗೆ ಎಷ್ಟು ಲೋಡು ಬೇಕೆಂದು ಜನವರಿಯಲ್ಲೇ ಬರೆದುಕೊಳ್ಳಿ. ಬೇಡಿಕೆಗಿಂತ ಹೆಚ್ಚು ಅಗೆಸಬೇಡಿ. ಅಗೆದ ಮಣ್ಣನ್ನು ಕೆರೆ ಅಂಗಳದಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ವಾಪಸ್ ಕೆರೆಗೇ. ಹೊಲಕ್ಕೆ ಹಾಕುವ ಮುಂಚೆ ಎರಡು ಮೂರು ಕಡೆಯ ಮಣ್ಣನ್ನು ಕೃಷಿ ಇಲಾಖೆಯ ಮಣ್ಣು ಪರೀಕ್ಷೆಗೆ ಕೊಡಿ. ಉಪ್ಪಿನಂಶ ಜಾಸ್ತಿ ಇದ್ದರೆ ಬೆಳೆ ಸುಡುತ್ತದೆ.

ಎಷ್ಟು ಆಳ? ಒಣಗಿದ ಅಂಗಳದಲ್ಲಿ ಎಂಟು ಹತ್ತು ಕಡೆ ಗುಂಡಿ ತೆಗೆದು ನೋಡಿ. ಮೇಲೆ ಮೆತ್ತನೆಯ ಬೂದು ಹೂಳು, ಅದರ ಕೆಳಗೆ ಗಟ್ಟಿ ಜೇಡಿ. ಆ ಜೇಡಿ ಪದರ ಮುಟ್ಟುವ ಅರ್ಧ ಅಡಿ ಮೊದಲೇ ನಿಲ್ಲಿಸಬೇಕು. ಜೇಡಿ ಕಿತ್ತು ಗೊರಚು (ನೀರು ಇಂಗಿಹೋಗುವ ಗರಸು ಮಣ್ಣು) ಕಂಡರೆ ನೀರು ನಿಲ್ಲುವುದಿಲ್ಲ. ಏರಿಯ ಒಳಬುಡದಿಂದ ಕನಿಷ್ಠ 10 ಮೀಟರ್ ಬಿಡಿ, ಏರಿ ಎತ್ತರವಿದ್ದರೆ ಇನ್ನೂ ಹೆಚ್ಚು. ಎಂಜಿನಿಯರ್ ಸುಣ್ಣದ ಗೆರೆ ಹಾಕಿಕೊಡಲಿ. ತೂಬಿನ ತಳಕ್ಕಿಂತ ಕೆಳಗೆ ಅಗೆದ ನೀರು ಗದ್ದೆಗೆ ಹರಿಯುವುದಿಲ್ಲ. ದನಕರುಗಳಿಗೆ, ಬೋರ್‌ವೆಲ್ ಮರುಪೂರಣಕ್ಕೆ ಅದು ಒಳ್ಳೆಯದೇ. ಆದರೆ ಅಚ್ಚುಕಟ್ಟುದಾರರಿಗೆ ಮೊದಲೇ ಹೇಳದಿದ್ದರೆ ಜಗಳ ಖಂಡಿತ.

ಏರಿಯ ಹೊರಬುಡದಲ್ಲಿ ಒದ್ದೆ ಕಂಡರೆ ಗಾಜಿನ ಲೋಟದಲ್ಲಿ ಆ ನೀರು ಹಿಡಿದು ನೋಡಿ. ತಿಳಿಯಾಗಿ ಜಿನುಗುತ್ತಿದ್ದರೆ ಗುರುತು ಹಾಕಿ ಗಮನಿಸುತ್ತಿರಿ. ಕೆಸರಾಗಿ ಬಂದು ಲೋಟದ ತಳದಲ್ಲಿ ಮಣ್ಣು ಕೂತರೆ ಏರಿಯ ಒಳಗಿನಿಂದ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ. ಆಗ ಮಿಕ್ಕ ಕೆಲಸವೆಲ್ಲ ಬಿಟ್ಟು ಅದೇ ದಿನ ಎಂಜಿನಿಯರಿಗೆ ತಿಳಿಸಿ. ತೂಬು ಸೋರುತ್ತದೆಂದು ಒಳಗಿನಿಂದ ಸಿಮೆಂಟ್ ಹಾಕಿ ಮುಚ್ಚುವುದು ಬೇಡವೇ ಬೇಡ.

---

ಜಮಾಖರ್ಚು ಉತ್ತರ:

ಕೆರೆ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಹಣದ ಕಡೆ ಬರೆಯುತ್ತೇನೆ.

ಒಬ್ಬರ ಸ್ವಂತ ಖಾತೆಗೆ 46 ಜನ ಪ್ರತಿ ತಿಂಗಳು ಯುಪಿಐ ಮಾಡುವುದನ್ನು ಶುರುವೇ ಮಾಡಬೇಡಿ. ಆ ಹಣ ಅವರ ಆದಾಯದಂತೆ ಕಾಣುತ್ತದೆ. ಅವರು ಕೆಲಸ ಬದಲಿಸಿದಾಗ, ಮದುವೆಯಾದಾಗ, ಮನಸ್ತಾಪವಾದಾಗ ಲೆಕ್ಕ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ನಿಮ್ಮಂಥ ಗುಂಪಿಗೆ ಟ್ರಸ್ಟ್‌ಗಿಂತ ಸಂಘ ಮೇಲು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಕನಿಷ್ಠ 7 ಜನ ಬೇಕು. ಟ್ರಸ್ಟ್ ಮಾಡುವುದು ಸುಲಭ. ಆದರೆ ಟ್ರಸ್ಟಿಗಳೇ ಕಾಯಂ, ಸದಸ್ಯರಿಗೆ ಮತ ಇಲ್ಲ. ಹಣ ಹಾಕುವವರು 46 ಜನ ಇರುವಾಗ ಪ್ರತಿ ವರ್ಷ ಸರ್ವಸದಸ್ಯರ ಸಭೆ, ಲೆಕ್ಕ ಪರಿಶೋಧನೆ, ಆಡಳಿತ ಮಂಡಳಿ ಪಟ್ಟಿ ಸಲ್ಲಿಕೆ ಕಡ್ಡಾಯವಾಗಿರುವ ವ್ಯವಸ್ಥೆಯೇ ಒಳ್ಳೆಯದು. ಕಚೇರಿ ವಿಳಾಸ ಊರಿನದೇ ಇರಲಿ, ಆಗ ನಿಮ್ಮ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಯ ಬಳಿ ನೋಂದಣಿ. ಸಹಕಾರ ಇಲಾಖೆಯ ಉಪನಿಬಂಧಕರ ಕಚೇರಿಯಲ್ಲಿ ವಿಚಾರಿಸಿ. ಏಳರಲ್ಲಿ ಕನಿಷ್ಠ ಮೂವರು ಊರಲ್ಲೇ ವಾಸವಿರುವವರಾಗಲಿ, ಖಜಾಂಚಿಯೂ ಅವರಲ್ಲಿ ಒಬ್ಬರಾದರೆ ಇನ್ನೂ ಒಳ್ಳೆಯದು. ಚೆಕ್ಕಿಗೆ ಇಬ್ಬರ ಸಹಿ, ಒಬ್ಬರು ಬೆಂಗಳೂರಿನವರು, ಒಬ್ಬರು ಊರಿನವರು.

ಉದ್ದೇಶಗಳನ್ನು ಬರೆಯುವಾಗ ಬಹಳ ಜನ ಎಡವುವ ಜಾಗ ಇದು: “ನಮ್ಮ ಸಮಾಜದ ಬಾಂಧವರ ಏಳಿಗೆಗಾಗಿ” ಅಂತ ಒಂದು ಸಾಲು ಸೇರಿಸಿಬಿಡುತ್ತಾರೆ. ಒಂದು ಜಾತಿ ಅಥವಾ ಒಂದು ಧರ್ಮದವರ ಲಾಭಕ್ಕೆಂದು ಇರುವ ಸಂಸ್ಥೆಗೆ 80ಜಿ, ಅಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ, ಸಿಗುವುದಿಲ್ಲ. ಅದಿರಲಿ, ಕೆರೆ ಇಡೀ ಊರಿನದು. ಹಾಗೆಯೇ ಸಂಘ ಮುಚ್ಚಿದರೆ ಉಳಿದ ಆಸ್ತಿ ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು, ಸದಸ್ಯರಿಗೆ ಹಂಚುವಂತಿಲ್ಲ ಎಂಬ ಕಲಂ ಮೊದಲೇ ಹಾಕಿ.

80ಜಿಗಾಗಿ ಅವಸರ ಬೇಡ. ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೆ ಆ ವಿನಾಯಿತಿ ಇಲ್ಲ, ನಿಮ್ಮ ಗುಂಪಲ್ಲಿ ಬಹುತೇಕರು ಅದರಲ್ಲೇ ಇರಬಹುದು. ಮೊದಲು ಕೇಳಿ ನೋಡಿ. ಹಳೆ ಪದ್ಧತಿಯವರಿಗೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಇಲ್ಲ. ಆದಾಯ ತೆರಿಗೆ ಕಾಯ್ದೆ 2025 ಹೊಸ ಕಾಯ್ದೆ, ಅದರ ಜಾರಿ ದಿನಾಂಕ 2026ರ ಏಪ್ರಿಲ್ 1. ಅದರಲ್ಲಿ ಕಲಂ ಸಂಖ್ಯೆಗಳು ಬೇರೆ. ಹಳೆಯ ಮಾದರಿ ಅರ್ಜಿ ನಕಲು ಮಾಡಬೇಡಿ.

ಯಂತ್ರದ ಮಾಲೀಕರಿಗೆ ದೊಡ್ಡ ಮೊತ್ತ ಕೊಡುವಾಗ ಟಿಡಿಎಸ್ (ಕೊಡುವ ಹಣದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕಾಗುತ್ತದೆ, ಅದಕ್ಕೆ ಸಂಘದ ಹೆಸರಲ್ಲಿ ಟ್ಯಾನ್ ಎಂಬ ಸಂಖ್ಯೆ ಬೇಕು. ಇದನ್ನು ಮರೆತು ಆಮೇಲೆ ಬಡ್ಡಿ ಸಮೇತ ಕಟ್ಟುವವರು ಬಹಳ. ಬಾಡಿಗೆ ಲೆಕ್ಕಕ್ಕೆ ಬೆಳಿಗ್ಗೆ ಕೆಲಸ ಶುರುವಾಗುವಾಗ, ಸಂಜೆ ನಿಲ್ಲಿಸುವಾಗ ಜೆಸಿಬಿಯ ಗಂಟೆ ಮೀಟರಿನ ಫೋಟೊ ತೆಗೆದು ಊರಿನ ಗುಂಪಿಗೇ ಹಾಕಿ. ಡ್ರೈವರ್ ಊಟಕ್ಕೆ ಹೋದಾಗ ಎಂಜಿನ್ ಬಂದ್ ಆಗಿರಬೇಕು ಅನ್ನುವುದೂ ಒಪ್ಪಂದದಲ್ಲಿರಲಿ.

ಅಮೆರಿಕದವರ ವಿಷಯ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿ. ಅಲ್ಲಿನ ಪೌರತ್ವ ಪಡೆದವರ ಹಣ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ಆ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು, ಖಾತೆ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿ ಇರಬೇಕು. ನಿಮ್ಮ ಗಾತ್ರದ ಸಂಘಕ್ಕೆ ಈಗ ಇದು ಆಗದ ಮಾತು. ಊರಲ್ಲಿರುವ ಅಣ್ಣನ ಖಾತೆಗೆ ಹಾಕಿ ಅಲ್ಲಿಂದ ಸಂಘಕ್ಕೆ ತಿರುಗಿಸುವ ಉಪಾಯ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಅದೂ ಉಲ್ಲಂಘನೆಯೇ. ಅವರು ಹಣದ ಬದಲು ನಕ್ಷೆ, ಲೆಕ್ಕದ ಹಾಳೆ, ಅರ್ಜಿ ಬರೆಯುವ ಕೆಲಸ ಮಾಡಿಕೊಡಲಿ.

---

ಅರಳಿಕಟ್ಟೆ ಉತ್ತರ:

ಮೇಲಿನ ಎರಡೂ ಉತ್ತರ ಸರಿ, ಆದರೆ ಕ್ರಮ ಹಿಂದುಮುಂದಾಗಬೇಕು. ಸಂಘ ನೋಂದಣಿ ಮಾಡಿ, ಲೆಟರ್‌ಹೆಡ್ ಮಾಡಿಸಿಕೊಂಡು ಊರಿಗೆ ಹೋದರೆ “ಬೆಂಗಳೂರು ಹುಡುಗರ ಸಂಘ” ಎಂಬ ಹೆಸರು ಬೀಳುತ್ತದೆ. ಆಮೇಲೆ ಏರಿ ಮೇಲೆ ಬುಟ್ಟಿ ಹೊರಲು ಯಾರೂ ಬರುವುದಿಲ್ಲ. ಮೊದಲು ಊರಿನವರ ಜೊತೆ ಕೂತು ಮಾತು, ಆಮೇಲೆ ಪಂಚಾಯಿತಿ, ಆಮೇಲೆ ನೋಂದಣಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ “ನಮ್ಮೂರು ನಮ್ಮ ಕೆರೆ” ಕೆಲಸಗಳಲ್ಲೂ ಊರಿನ ಕೆರೆ ಸಮಿತಿ ಇದ್ದೇ ಇರುತ್ತದೆ.

ಮೊದಲ ಸಭೆ ದೇವಸ್ಥಾನದ ಜಗುಲಿಯಲ್ಲಿ ಬೇಡ. ಕಾಲೊನಿಯವರು ಅಲ್ಲಿ ಬಂದು ಕೂರುವುದಿಲ್ಲ, ಬಂದರೂ ಮಾತಾಡುವುದಿಲ್ಲ. ಶಾಲೆ ಅಂಗಳ ಅಥವಾ ಪಂಚಾಯಿತಿ ಸಭಾಂಗಣ ನೋಡಿ. ಜಾತ್ರೆ, ಯುಗಾದಿ ದಿನವೇ ಇಡಬೇಡಿ, ಆ ದಿನ ಎಲ್ಲರ ಮನೆಯಲ್ಲೂ ನೆಂಟರು. ಮಾರನೆಯ ದಿನ ಇಡಿ. ಸುದ್ದಿ ಮುಟ್ಟಿಸಲು ಹಾಲಿನ ಡೇರಿಗಿಂತ ಒಳ್ಳೆಯ ಜಾಗ ಇಲ್ಲ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಎಲ್ಲ ಕೇರಿಯವರೂ ಬಂದು ಹೋಗುತ್ತಾರೆ. ಡೇರಿ ಹೊತ್ತಿಗೆ ಮಾತ್ರ ಸಭೆ ಕರೆಯಬೇಡಿ. ಸಂಜೀವಿನಿ ಒಕ್ಕೂಟದ (ಸ್ವಸಹಾಯ ಸಂಘಗಳ ಒಕ್ಕೂಟ) ಮಹಿಳೆಯರನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಿ. ವಾರಕ್ಕೊಮ್ಮೆ ಲೆಕ್ಕ ಬರೆಯುವುದು, ಸಹಿ ಹಾಕಿಸುವುದು ಅವರಿಗೆ ರೂಢಿ ಇದೆ, ನಿಮ್ಮ ಗುಂಪಿಗಿಂತ ಚೆನ್ನಾಗಿ.

ಅನುಮತಿ: ಅಚ್ಚುಕಟ್ಟು 40 ಹೆಕ್ಟೇರ್, ಅಂದರೆ ಸುಮಾರು 100 ಎಕರೆ ಒಳಗಿದ್ದರೆ ಪಂಚಾಯತ್ ರಾಜ್ ವ್ಯವಸ್ಥೆಯ ಕೆರೆ, ಅದಕ್ಕೂ ಮೇಲೆ 2,000 ಹೆಕ್ಟೇರ್ ತನಕ ಸಣ್ಣ ನೀರಾವರಿ ಇಲಾಖೆ. ನಿಮ್ಮದು 60 ಎಕರೆ. ಹಾಗಾಗಿ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅರ್ಜಿ, ಪಂಚಾಯಿತಿ ಸಾಮಾನ್ಯ ಸಭೆಯ ನಡಾವಳಿ, ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದಿಂದ ಸ್ಥಳ ಪರಿಶೀಲನೆ, ಅಂದಾಜು ಪಟ್ಟಿ. ಅರ್ಜಿಯ ಎರಡನೆಯ ಪ್ರತಿ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಬಾಯಿಮಾತಿನ ಒಪ್ಪಿಗೆ ನಂಬಿ ಯಂತ್ರ ಇಳಿಸಿದರೆ ಒಂದು ದೂರಿಗೆ ಕೆಲಸ ನಿಲ್ಲುತ್ತದೆ. ಮೀನು ಹರಾಜು ಆಗಿದೆಯೇ ಎಂದೂ ನೋಡಿ. ಗುತ್ತಿಗೆದಾರ ಮರಿ ಬಿಟ್ಟಿದ್ದರೆ ಅವಧಿ ಮುಗಿಯುವ ತನಕ ತೂಬು ತೆರೆದು ಕೆರೆ ಖಾಲಿ ಮಾಡಿಸುವಂತಿಲ್ಲ.

ಮೋರಿ ಬದಲಿಸುವಂಥ ದೊಡ್ಡ ಖರ್ಚು ನಿಮ್ಮ ವಂತಿಗೆಯಿಂದ ಬೇಡ. ಪಂಚಾಯಿತಿಯ ವಾರ್ಷಿಕ ಯೋಜನೆಗೆ ಸೇರಿಸಿ. ಮುಂದಿನ ವರ್ಷದ ಯೋಜನೆ ತಯಾರಿ ಅಕ್ಟೋಬರ್ 2ರ ಅಭಿಯಾನದಿಂದ ಶುರುವಾಗುತ್ತದೆ. ವಾರ್ಡ್ ಸಭೆಯಲ್ಲಿ ಪ್ರಸ್ತಾಪ ಬರೆಸಿ, ಗ್ರಾಮಸಭೆಯಲ್ಲಿ ಅದು ಓದಲ್ಪಡುವಾಗ ಹಾಜರಿರಿ. ಫೆಬ್ರವರಿಯಲ್ಲಿ ಹೋಗಿ ಕೇಳಿದರೆ ಪಟ್ಟಿ ಮುಗಿದಿರುತ್ತದೆ.

ಒಂದು ನಿಯಮ ಬೈಲಾದಲ್ಲೇ ಬರೆಯಿರಿ: ಪದಾಧಿಕಾರಿ ಚುನಾವಣೆಗೆ ನಿಂತರೆ ಆ ದಿನವೇ ರಾಜೀನಾಮೆ. ಕೆಲಸದ ಜಾಗದಲ್ಲಿ ಯಾರ ಫೋಟೊದ ಫ್ಲೆಕ್ಸೂ ಬೇಡ.

---

ತೂಬಿನಕೆಳಗೆ:

ಬಹಳ ಉಪಕಾರ ಆಯ್ತು. ಎರಡು ಸಂಗತಿ ಕೇಳಬೇಕು. ರಾಜಕಾಲುವೆಯ ಒಂದು ತುಂಡು ನಮ್ಮ ಗುಂಪಿನವರೊಬ್ಬರ ಚಿಕ್ಕಪ್ಪನ ಅಡಿಕೆ ತೋಟದೊಳಗೆ ಸೇರಿಹೋಗಿದೆ. ಇನ್ನು ಪಕ್ಕದೂರಿನ ಇಟ್ಟಿಗೆ ಗೂಡಿನವರು ಹೂಳನ್ನು ತಮ್ಮದೇ ಖರ್ಚಲ್ಲಿ ತೆಗೆದುಕೊಂಡು ಹೋಗುತ್ತೇವೆ ಅಂತಿದ್ದಾರೆ. ನಮಗೆ ದುಡ್ಡು ಉಳಿಯುತ್ತಲ್ಲ?

---

ನೀರಗಂಟಿ ಉತ್ತರ:

ಇಟ್ಟಿಗೆಯವರಿಗೆ ಬೇಡ. ಅವರಿಗೆ ಬೇಕಾದ್ದು ಹೂಳಿನ ಕೆಳಗಿರುವ ಜೇಡಿ. ಮುಟ್ಟಬಾರದು ಅಂದೆನಲ್ಲ, ಅದೇ ಪದರ. ಒಂದೇ ಕಡೆ ಹತ್ತು ಹನ್ನೆರಡು ಅಡಿ ಗುಂಡಿ ತೋಡಿ ಹೋಗುತ್ತಾರೆ, ಮಳೆಗಾಲದಲ್ಲಿ ಈಜಲು ಇಳಿದ ಮಕ್ಕಳು ಮುಳುಗುವುದು ಅಂಥ ಗುಂಡಿಗಳಲ್ಲೇ. ಮಣ್ಣು ವ್ಯಾಪಾರಕ್ಕೆ ಹೋದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ, ರಾಜಧನದ ಪ್ರಶ್ನೆ ಬರುತ್ತದೆ, ಅರ್ಜಿಯಲ್ಲಿ ಹೆಸರು ನಿಮ್ಮದೇ ಇರುತ್ತದೆ. ಲೋಡಿಗೆ ಚೀಟಿ ಮಾಡಿ: ದಿನಾಂಕ, ಟ್ರಾಕ್ಟರ್ ನಂಬರ್, ಯಾವ ಸರ್ವೆ ನಂಬರಿನ ಹೊಲಕ್ಕೆ. ಚೀಟಿ ಇಲ್ಲದ ಗಾಡಿ ಕೆರೆಗೆ ಇಳಿಯಬಾರದು. ಇಳಿಜಾರಿಲ್ಲದ ಗುಂಡಿ ಎಲ್ಲೂ ಉಳಿಯಬಾರದು, ಅಂಚನ್ನು ದನ ನಡೆದು ಹತ್ತುವಷ್ಟು ಸವರಿಸಬೇಕು.

ಒತ್ತುವರಿ ವಿಷಯಕ್ಕೆ ಅರಳಿಕಟ್ಟೆಯವರೇ ಹೇಳಲಿ.

---

ಅರಳಿಕಟ್ಟೆ ಉತ್ತರ:

ಅದನ್ನೇ ಮೊದಲು ಬಗೆಹರಿಸಿ, ಏಕೆಂದರೆ ಇಡೀ ಊರು ಅದನ್ನೇ ನೋಡುತ್ತಿರುತ್ತದೆ. ನಿಮ್ಮವರದನ್ನು ಬಿಟ್ಟು ಮೇಲಿನ ಸಣ್ಣ ರೈತನ ಬದು ಕಿತ್ತರೆ ಕೆಲಸ ಅಲ್ಲಿಗೇ ಮುಗಿಯಿತು.

ಅಳತೆಗೆ ಮುಂಚೆ ಯಾರನ್ನೂ ಒತ್ತುವರಿದಾರ ಅನ್ನಬೇಡಿ. ಕಾಲುವೆ ಸರ್ಕಾರಿ ಜಾಗವಾದ್ದರಿಂದ ಪಂಚಾಯಿತಿ ನಿರ್ಣಯದ ಪ್ರತಿ ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿ. ಅವರ ಆದೇಶದ ಮೇಲೆ ಸರ್ಕಾರಿ ಭೂಮಾಪಕರು ಬಂದು ಅಳೆಯುತ್ತಾರೆ. ಅಕ್ಕಪಕ್ಕದ ಎಲ್ಲ ಹಿಡುವಳಿದಾರರಿಗೂ ನೋಟಿಸ್ ಹೋಗಿರಲಿ. ಅಳತೆ ದಿನ ಗುರುತಿನ ಕಲ್ಲುಗಳನ್ನು ನೆಡಿಸಿ, ಮಹಜರಿಗೆ ಸಹಿ ಮಾಡಿಸಿ. ಗೂಟ ಹೊಡೆದು ಬಂದರೆ ಮರುದಿನವೇ ಮಾಯ.

ಚಿಕ್ಕಪ್ಪನವರ ಹತ್ತಿರ ಕಾಲುವೆ ಪೂರ್ತಿ ಅಗಲ ಬಿಡಿಸುವ ಮಾತು ಒಂದೇ ದಿನ ಎತ್ತಬೇಡಿ. ಬೆಳೆದ ಅಡಿಕೆ ಮರ ಕಡಿಯಿರಿ ಅಂದರೆ ಯಾರೂ ಒಪ್ಪುವುದಿಲ್ಲ. ಮೊದಲ ಮಳೆಗಾಲಕ್ಕೆ ಮರದ ಸಾಲಿನ ನಡುವೆ ನೀರು ಹರಿಯುವಷ್ಟು ತಳ ಬಿಡಿಸಿ, ಎರಡೂ ಕಡೆ ಕಲ್ಲು ಕಟ್ಟಿ ಬುಡ ಕೊಚ್ಚದಂತೆ ಮಾಡಿಕೊಡಿ. ಮರಗಳಿಗೆ ವಯಸ್ಸಾದಂತೆ ಆ ಸಾಲಿನಲ್ಲಿ ಮರುನಾಟಿ ಮಾಡುವುದಿಲ್ಲ ಎಂದು ಬರೆದುಕೊಡಲಿ. ಕಾನೂನಿನ ದಾರಿ ತಹಶೀಲ್ದಾರರ ಬಳಿ ಹೇಗೂ ಇದೆ.

ಶಾಲೆಯದು ಚಿಕ್ಕದಾಗಿ ಹೇಳುತ್ತೇನೆ. ಸ್ಮಾರ್ಟ್ ಟಿವಿ ಕೊಳ್ಳುವ ಮುಂಚೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಯಾವ ಶಿಕ್ಷಕರು ಯಾವ ಪೀರಿಯಡ್‌ನಲ್ಲಿ ಬಳಸುತ್ತಾರೆ, ರಜೆಯಲ್ಲಿ ಬೀಗದ ಕೈ ಯಾರ ಹತ್ತಿರ. ಉತ್ತರ ಇಲ್ಲದಿದ್ದರೆ ಆ ಹಣ ಪಂಚಾಯಿತಿ ಗ್ರಂಥಾಲಯದ ಕಡೆ ಹೋಗಲಿ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಅರಿವು ಕೇಂದ್ರ ಎಂಬ ಹೆಸರಿದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಆಸ್ತಿ ತೆರಿಗೆ ಮೇಲೆ ಶೇಕಡ 6 ಗ್ರಂಥಾಲಯ ಕರ ವಸೂಲಾಗುತ್ತದೆ, ನಿಮ್ಮ ಪಂಚಾಯಿತಿಯಲ್ಲಿ ಎಷ್ಟು ಸಂಗ್ರಹವಾಗಿದೆ ಎಂದು ಜಮಾಬಂದಿ (ಪಂಚಾಯಿತಿಯ ವಾರ್ಷಿಕ ಲೆಕ್ಕ ತಪಾಸಣೆ) ದಿನ ಕೇಳಿ. ಬೆಂಗಳೂರಿನವರು ಸರದಿಯ ಮೇಲೆ ತಿಂಗಳಿಗೆ ಎರಡು ಭಾನುವಾರ ಅಲ್ಲಿ ಗಣಿತ, ಇಂಗ್ಲಿಷ್ ಹೇಳಿಕೊಟ್ಟರೆ ಟಿವಿಗಿಂತ ಹೆಚ್ಚು ಉಪಯೋಗ. ಭಾನುವಾರ ಗ್ರಂಥಾಲಯ ತೆರೆದಿರುತ್ತದೆಯೇ ಎಂದು ಮೇಲ್ವಿಚಾರಕರನ್ನು ಮೊದಲು ವಿಚಾರಿಸಿ, ಅವರ ವಾರದ ರಜೆಯ ದಿನ ನೋಡಿಕೊಂಡು ಸರದಿ ಪಟ್ಟಿ ಮಾಡಿ.